ಮೊದಲು ಏರುವುದು, ಕೊನೆಗೆ ಇಳಿಯುವುದು

ವಿಮಾನವಾಹಕ ನೌಕೆಗಳ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಸಂಪಾದಕರು ಕೇಳಿದ್ದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮಿಗ್ ಯುದ್ಧವಿಮಾನದ ಕುರಿತಾದವು. ಅವಕ್ಕೆ ಮುಂದಿನ ಸಂಚಿಕೆಯಲ್ಲಿ ಬೇರೆಯವರು ಉತ್ತರಿಸಲಿದ್ದಾರೆ. ನಾನು ನೌಕಾಪಡೆಯಲ್ಲಿ ಏರ್‌ಕ್ರಾಫ್ಟ್ ಹ್ಯಾಂಡ್ಲರ್ ಆಗಿದ್ದವನು. ಹಾರುವ ಕೆಲಸ ನಮ್ಮದಲ್ಲ. ಹಾರಿ ಬಂದದ್ದನ್ನು ಡೆಕ್ಕಿನ ಮೇಲೆ ಇಳಿಸಿಕೊಳ್ಳುವುದು, ಕಟ್ಟುವುದು, ಬಿಚ್ಚುವುದು, ತಳ್ಳಿಕೊಂಡು ಹೋಗಿ ಹ್ಯಾಂಗರಿನಲ್ಲಿ ನಿಲ್ಲಿಸುವುದು ನಮ್ಮ ಪಾಲಿನದು. ಕೆಲಸ ಕಲಿತದ್ದು ‘ವಿರಾಟ್’ನಲ್ಲಿ, ನಿವೃತ್ತನಾದದ್ದು ‘ವಿಕ್ರಮಾದಿತ್ಯ’ದಿಂದ. ಹೆಲಿಕಾಪ್ಟರಿನ ಬಗ್ಗೆ ಕೇಳಿದವರು ಕೆಲವೇ ಮಂದಿ. ಈ ಸಲದ ಪುಟ ಪೂರ್ತಿ ಅವರದು.

ಯುದ್ಧವಿಮಾನಗಳು ಹಾರುವ ವೀಡಿಯೊಗಳಲ್ಲಿ ನೌಕೆಯ ಪಕ್ಕದಲ್ಲೇ ಒಂದು ಹೆಲಿಕಾಪ್ಟರ್ ನಿಧಾನವಾಗಿ ಸುತ್ತುತ್ತಿರುತ್ತದೆ. ಅದು ಚಿತ್ರೀಕರಣಕ್ಕೆ ಇರುವುದೇ?
– ನಿವೃತ್ತ ಶಿಕ್ಷಕರು, ಕಾರವಾರ

ಚಿತ್ರೀಕರಣಕ್ಕಲ್ಲ, ಮೇಷ್ಟ್ರೇ. ಅದು ಪ್ರಾಣ ಉಳಿಸಲು ನಿಂತಿರುವ ಹೆಲಿಕಾಪ್ಟರ್. ಡೆಕ್ಕಿನಿಂದ ಮೊದಲ ಯುದ್ಧವಿಮಾನ ಹೊರಡುವ ಮುನ್ನ ಅದು ಆಕಾಶದಲ್ಲಿ ಇರಬೇಕು, ಕೊನೆಯ ವಿಮಾನ ಇಳಿದು ಸುರಕ್ಷಿತವಾಗಿ ನಿಂತ ಮೇಲೆಯೇ ಅದು ಇಳಿಯಬೇಕು. ಅದರಲ್ಲಿ ಪೈಲಟ್‌ಗಳ ಜೊತೆಗೆ ಮೇಲೆತ್ತುವ ತಂತಿಯ ವಿಂಚ್ ನೋಡಿಕೊಳ್ಳುವವನೂ ನೀರಿಗೆ ಧುಮುಕಲು ಸಿದ್ಧನಾಗಿ ಬಾಗಿಲ ಬಳಿ ಕುಳಿತ ಮುಳುಗುಗಾರನೂ ಇರುತ್ತಾರೆ.

ಇದು ಏಕೆ ಬೇಕೆಂದರೆ, ನಲವತ್ತು ಸಾವಿರ ಟನ್ನಿಗೂ ಹೆಚ್ಚು ತೂಕದ ನೌಕೆ ವೇಗವಾಗಿ ಸಾಗುತ್ತಿರುವಾಗ ಯಾರೋ ನೀರಿಗೆ ಬಿದ್ದರೆಂದು ಥಟ್ಟನೆ ನಿಲ್ಲಲಾರದು. ಹಿಂದೆ ಈ ಕಾವಲು ಪೂರ್ತಿಯಾಗಿ ಹಿಂಬಾಲಿಸುವ ಒಂದು ಸಣ್ಣ ಯುದ್ಧನೌಕೆಯದಾಗಿತ್ತು. ಈಗಲೂ ಹಿಂದೆ ಒಂದು ನೌಕೆ ಇರುವುದುಂಟು. ಆದರೆ ಅದು ದೋಣಿ ಇಳಿಸಿ ಪೈಲಟ್‌ನನ್ನು ತಲುಪುವಷ್ಟರಲ್ಲಿ ಅಮೂಲ್ಯವಾದ ನಿಮಿಷಗಳು ಹೋಗಿರುತ್ತವೆ. 1947ರ ಫೆಬ್ರವರಿಯಲ್ಲಿ ಅಮೆರಿಕದ ‘ಫ್ರಾಂಕ್ಲಿನ್ ಡಿ. ರೂಸ್‌ವೆಲ್ಟ್’ ನೌಕೆಯಲ್ಲಿ ಸಿಕೋರ್‌ಸ್ಕಿ ಕಂಪನಿಯ ಹೆಲಿಕಾಪ್ಟರ್ ಒಂದನ್ನು ಪರೀಕ್ಷೆಗೆ ತಂದಿದ್ದರು. ಅದೇ ಸಮಯಕ್ಕೆ ಒಬ್ಬ ಪೈಲಟ್ ವಿಮಾನ ಸಮೇತ ನೀರಿಗೆ ಬಿದ್ದ. ಹೆಲಿಕಾಪ್ಟರ್ ಹೋಗಿ ಅವನನ್ನು ಎತ್ತಿಕೊಂಡು ಬಂದಿತು. ಅದರ ನಂತರ ಈ ಯಂತ್ರ ನೌಕೆಗೆ ಬೇಕೇ ಎಂಬ ಚರ್ಚೆಗೆ ಅರ್ಥವೇ ಉಳಿಯಲಿಲ್ಲ.

ನಮ್ಮಲ್ಲಿ ಈ ಕೆಲಸಕ್ಕೆ ಬಹುಕಾಲ ದುಡಿದದ್ದು ಚೇತಕ್. ಮೂಲ ವಿನ್ಯಾಸ ಫ್ರಾನ್ಸಿನ ಅಲೂಎಟ್-3. ಕಟ್ಟಿದವರು ಬೆಂಗಳೂರಿನ ಎಚ್‌ಎಎಲ್‌ನವರು. ಅದನ್ನು ಹಾರಿಸುವ 321ನೇ ನೌಕಾ ಸ್ಕ್ವಾಡ್ರನ್ನಿಗೆ ‘ಏಂಜಲ್ಸ್’ ಎಂಬ ಹೆಸರೇ ಇದೆ. ಹಳೆಯ ‘ವಿಕ್ರಾಂತ್’ನ ಕಾಲದಿಂದಲೂ ವಾಹಕ ನೌಕೆಯ ಮೇಲೆ ದುಡಿದ ಸ್ಕ್ವಾಡ್ರನ್ ಅದು.

ಎತ್ತುವ ಕೆಲಸ ವೀಡಿಯೊದಲ್ಲಿ ಕಾಣುವಷ್ಟು ಸಲೀಸಲ್ಲ. ಆಸನ ಸಮೇತ ಚಿಮ್ಮಿ ಪ್ಯಾರಾಚೂಟಿನಲ್ಲಿ ಇಳಿದ ಪೈಲಟ್ ಪ್ರಜ್ಞೆಯಲ್ಲಿರುತ್ತಾನೆ ಎಂಬ ಖಾತರಿಯಿಲ್ಲ. ಪ್ಯಾರಾಚೂಟ್ ನೀರು ತುಂಬಿಕೊಂಡು ಅವನನ್ನು ಕೆಳಗೆ ಎಳೆಯುತ್ತಿರುತ್ತದೆ, ಹಗ್ಗಗಳು ಕಾಲಿಗೆ ಸುತ್ತಿಕೊಂಡಿರುತ್ತವೆ. ಅದರ ಮೇಲೆ ಹೆಲಿಕಾಪ್ಟರ್ ತೀರಾ ಹತ್ತಿರ ಬಂದರೆ ರೋಟರಿನ ಗಾಳಿಗೇ ಪ್ಯಾರಾಚೂಟ್ ಮತ್ತೆ ಉಬ್ಬಿ ಪೈಲಟ್‌ನನ್ನು ಎಳೆದುಕೊಂಡು ಹೋಗುವ ಅಪಾಯವಿದೆ. ಆದ್ದರಿಂದ ಮುಳುಗುಗಾರ ಮೊದಲು ನೀರಿಗಿಳಿದು ಹಗ್ಗಗಳಿಂದ ಅವನನ್ನು ಬಿಡಿಸುತ್ತಾನೆ. ಆಮೇಲಷ್ಟೇ ವಿಂಚಿನ ತಂತಿ ಕೆಳಗೆ ಬರುತ್ತದೆ. ನೌಕಾಪಡೆಯಲ್ಲಿ ನಾನು ಅತ್ಯಂತ ಗೌರವಿಸುವ ಜನರೆಂದರೆ ಆ ಬಾಗಿಲ ಬಳಿ ಕೂರುವವರು. ಗಂಟೆಗಟ್ಟಲೆ ಏನೂ ನಡೆಯದ ಹಾರಾಟದಲ್ಲೂ ಅವರ ಕಣ್ಣು ನೀರಿನ ಮೇಲಿಂದ ಕದಲುವುದಿಲ್ಲ.

ಹೆಲಿಕಾಪ್ಟರ್ ನೇರವಾಗಿ ಇಳಿಯುವ ಯಂತ್ರ. ವಾಹಕ ನೌಕೆಯ ಡೆಕ್ಕೋ ಮೈದಾನದಷ್ಟು ದೊಡ್ಡದು. ಇಳಿಯುವುದರಲ್ಲಿ ಕಷ್ಟವೇನಿದೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಈಗಿನ ‘ವಿಕ್ರಾಂತ್’ 262 ಮೀಟರ್ ಉದ್ದ, 62 ಮೀಟರ್ ಅಗಲ. ಮೇಲಿನಿಂದ ತೆಗೆದ ಚಿತ್ರ ನೋಡಿದರೆ ನಿಮ್ಮ ಮಾತು ಸರಿ ಎನಿಸುತ್ತದೆ. ಆದರೆ ಆ ಡೆಕ್ಕಿನಲ್ಲಿ ಯುದ್ಧವಿಮಾನಗಳು ನಿಂತಿರುತ್ತವೆ, ಟ್ರ್ಯಾಕ್ಟರುಗಳು ಓಡಾಡುತ್ತಿರುತ್ತವೆ, ವಿಮಾನ ಇಳಿಯುವ ಓರೆ ಪಟ್ಟಿಯನ್ನು ಖಾಲಿ ಇಡಬೇಕಾಗುತ್ತದೆ. ಇವೆಲ್ಲ ಕಳೆದು ಹೆಲಿಕಾಪ್ಟರಿಗೆ ಉಳಿಯುವುದು ಬಣ್ಣದಲ್ಲಿ ಗುರುತು ಮಾಡಿದ ಒಂದು ಸ್ಪಾಟ್. ಚಕ್ರಗಳು ಅಲ್ಲೇ ಕೂರಬೇಕು.

ಅವರು ಸಾಮಾನ್ಯವಾಗಿ ಮೇಲಿನಿಂದ ನೆಟ್ಟಗೆ ಇಳಿಯುವುದಿಲ್ಲ. ಹಿಂದಿನಿಂದ, ನೌಕೆಯ ಎಡಬದಿಗೆ ಬರುತ್ತಾರೆ. ಸ್ಪಾಟಿನ ನೇರಕ್ಕೆ ಬಂದಾಗ ವೇಗವನ್ನು ನೌಕೆಯ ವೇಗಕ್ಕೆ ಸರಿಯಾಗಿ ಹೊಂದಿಸಿ, ಸಮುದ್ರದ ಮೇಲೆಯೇ ಒಂದು ಕ್ಷಣ ಜೊತೆಜೊತೆಗೆ ಸಾಗುತ್ತಾರೆ. ಡೆಕ್ಕಿನಲ್ಲಿ ನಿಂತು ಸನ್ನೆ ಮಾಡುವ ಮಾರ್ಷಲ್ ಕೈ ಬೀಸಿದಂತೆ ಅಡ್ಡಲಾಗಿ ಡೆಕ್ಕಿನ ಮೇಲಕ್ಕೆ ಸರಿದು ಬರುತ್ತಾರೆ. ನೌಕೆಯನ್ನು ನಡೆಸುವ ಬ್ರಿಡ್ಜ್ ಇರುವ ಕಟ್ಟಡ ಬಲಬದಿಗೆ ಇರುವುದರಿಂದ, ಏನಾದರೂ ಕೆಟ್ಟರೆ ತಪ್ಪಿಸಿಕೊಂಡು ಹೋಗಲು ಎಡಕ್ಕೆ ತೆರೆದ ಸಮುದ್ರವಿರುತ್ತದೆ.

ಹಾಗೆ ಅಡ್ಡ ಸರಿಯುವಾಗ ಒಂದು ವಿಚಿತ್ರ ನಡೆಯುತ್ತದೆ. ಅಷ್ಟು ಹೊತ್ತು ಎಷ್ಟೋ ಕೆಳಗೆ ನೀರಿತ್ತು. ಡೆಕ್ಕಿನ ಅಂಚು ದಾಟಿದ ತಕ್ಷಣ ಉಕ್ಕಿನ ನೆಲ ಹತ್ತಿರವಾಗಿ, ರೋಟರ್ ಕೆಳಗೆ ತಳ್ಳಿದ ಗಾಳಿಯಿಂದ ಯಂತ್ರಕ್ಕೆ ಹೆಚ್ಚು ಆಸರೆ ಸಿಗುತ್ತದೆ. ಪೈಲಟ್ ಶಕ್ತಿಯನ್ನು ತಗ್ಗಿಸದಿದ್ದರೆ ಮೇಲಕ್ಕೆ ತೇಲುತ್ತಾನೆ. ಹೊರಡುವಾಗ ಇದರ ಉಲ್ಟಾ: ಅಂಚು ದಾಟುತ್ತಿದ್ದಂತೆ ಆ ಆಸರೆ ತಪ್ಪುತ್ತದೆ. ತುಂಬು ಭಾರ ಹೊತ್ತ ಹೆಲಿಕಾಪ್ಟರ್ ಅಲ್ಲಿ ಕೆಳಗೆ ಕುಸಿದಂತೆ ಕಾಣುವುದು ಅದಕ್ಕೇ.

ಇನ್ನು ಗಾಳಿ. ನೌಕೆಯೇ ತಿರುಗಿ, ವೇಗ ಬದಲಿಸಿ, ಡೆಕ್ಕಿನ ಮೇಲೆ ಹಾಯುವ ಗಾಳಿಯನ್ನು ಹೆಲಿಕಾಪ್ಟರಿಗೆ ಬೇಕಾದ ದಿಕ್ಕಿಗೂ ಬಲಕ್ಕೂ ತಂದುಕೊಡುತ್ತದೆ. ಯಾವ ಕೋನದ ಗಾಳಿ ಎಷ್ಟು ಬಲದವರೆಗೆ ಸಹ್ಯ, ಡೆಕ್ ಎಷ್ಟು ವಾಲಬಹುದು ಎಂಬುದನ್ನು ಪ್ರತಿ ನೌಕೆಗೂ ಪ್ರತಿ ಮಾದರಿಯ ಹೆಲಿಕಾಪ್ಟರಿಗೂ ಸಮುದ್ರದಲ್ಲೇ ಪರೀಕ್ಷೆ ಮಾಡಿ ಮಿತಿ ಗೊತ್ತುಮಾಡಿರುತ್ತಾರೆ. ಹೊಸ ನೌಕೆ ಸೇವೆಗೆ ಸೇರಿದ ಮೇಲೂ ತಿಂಗಳುಗಟ್ಟಲೆ ಪರೀಕ್ಷೆಗಳು ಸಾಗುವುದು ಇಂಥ ಕಾರಣಗಳಿಗೆ. ‘ವಿಕ್ರಾಂತ್’ ಸೇವೆಗೆ ಸೇರಿದ್ದು 2022ರ ಸೆಪ್ಟೆಂಬರ್ 2ರಂದು. ಕಾಮೋವ್-31 ಹೆಲಿಕಾಪ್ಟರ್ ಅದರ ಮೇಲೆ ಮೊದಲ ಬಾರಿಗೆ ರಾತ್ರಿ ಇಳಿದದ್ದು 2023ರ ಮಾರ್ಚ್‌ನಲ್ಲಿ.

ಗಾಳಿಯ ದಿಕ್ಕು ಸರಿಯಿದ್ದರೂ ಕಟ್ಟಡದ ಹಿಂದೆ ಅದು ಸುಳಿಯಾಗುತ್ತದೆ. ಹೊಗೆಕೊಳವೆಯ ಬಿಸಿ ಗಾಳಿಯೂ ಅದಕ್ಕೆ ಸೇರುತ್ತದೆ. ಕೆಳಗೆ ಡೆಕ್ ಏಳುತ್ತದೆ, ಬೀಳುತ್ತದೆ, ಅತ್ತಿತ್ತ ವಾಲುತ್ತದೆ. ಅನುಭವಿ ಪೈಲಟ್ ಡೆಕ್ಕಿನ ಅಲುಗಾಟವನ್ನು ಬೆನ್ನಟ್ಟುವುದಿಲ್ಲ. ದಿಗಂತವನ್ನೂ ಮಾರ್ಷಲ್‌ನನ್ನೂ ನೋಡುತ್ತ ಸ್ಥಿರವಾಗಿ ನಿಲ್ಲುತ್ತಾನೆ. ದೊಡ್ಡ ಅಲೆಗಳು ಕೆಲವು ಒಟ್ಟಾಗಿ ಬಂದು ಹೋದ ಮೇಲೆ ಸ್ವಲ್ಪ ಹೊತ್ತು ನೌಕೆ ಶಾಂತವಾಗುತ್ತದೆ, ಅದಕ್ಕಾಗಿ ಕಾಯುತ್ತಾನೆ. ಆ ಬಿಡುವು ಸಿಕ್ಕೊಡನೆ ಹಿಂಜರಿಯದೆ ಗಟ್ಟಿಯಾಗಿ ಕೂರಿಸಿಬಿಡುತ್ತಾನೆ. ನಯವಾಗಿ ಇಳಿಸಲು ಹೋಗುವುದು ನೆಲದ ಮೇಲಿನ ಅಭ್ಯಾಸ. ಸಮುದ್ರದಲ್ಲಿ ಒಂದು ಚಕ್ರ ಮುಟ್ಟಿ ಇನ್ನೊಂದು ಮುಟ್ಟದ ಸ್ಥಿತಿಯಲ್ಲಿ ತಡೆದರೆ ಯಂತ್ರ ಮಗುಚುವ ಅಪಾಯವಿದೆ.

ಸಣ್ಣ ಯುದ್ಧನೌಕೆಗಳಲ್ಲಿ ಅಲುಗಾಟ ಇನ್ನೂ ಹೆಚ್ಚು. ಅದಕ್ಕಾಗಿಯೇ ಕೆನಡಾದ ನೌಕಾಪಡೆಯವರು 1960ರ ದಶಕದಲ್ಲಿ ಹೆಲಿಕಾಪ್ಟರನ್ನು ತಂತಿಯಿಂದ ಡೆಕ್ಕಿಗೆ ಎಳೆದು ಹಿಡಿಯುವ ಸಾಧನ ಮಾಡಿದರು. ವಾಹಕ ನೌಕೆಗೆ ಅದರ ಅಗತ್ಯ ಬೀಳುವುದಿಲ್ಲ. ನಮಗೆ ಸರಪಳಿ ಸಾಕು.

ಹೆಲಿಕಾಪ್ಟರ್ ಇಳಿದ ಕೂಡಲೇ ಕೆಲವರು ಬಗ್ಗಿಕೊಂಡು ಅದರ ಕೆಳಗೆ ಓಡುತ್ತಾರೆ. ನೋಡಿದರೆ ಎದೆ ನಡುಗುತ್ತದೆ. ರೋಟರ್ ನಿಲ್ಲುವವರೆಗೆ ಕಾಯಬಾರದೇ? ನನ್ನ ಮಗನೂ ಈಗ ಇದೇ ಕೆಲಸಕ್ಕೆ ಸೇರಿದ್ದಾನೆ.
– ಗೃಹಿಣಿ, ಶಿವಮೊಗ್ಗ

ಅಮ್ಮಾ, ನಿಮ್ಮ ಪ್ರಶ್ನೆಗೆ ಸಮಾಧಾನದ ಮಾತಿಗಿಂತ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳುವುದೇ ಸರಿ.

ರೋಟರ್ ಪೂರ್ತಿ ವೇಗದಲ್ಲಿ ತಿರುಗುವಾಗ ರೆಕ್ಕೆಗಳು ಬಿಗಿಯಾಗಿ, ಒಂದೇ ಮಟ್ಟದಲ್ಲಿರುತ್ತವೆ. ಅಪಾಯ ಹೆಚ್ಚುವುದು ರೋಟರ್ ನಿಧಾನವಾಗುವಾಗ ಮತ್ತು ಆಗಷ್ಟೇ ತಿರುಗಲು ಶುರುವಾದಾಗ. ಆಗ ರೆಕ್ಕೆಗಳನ್ನು ಹೊರಕ್ಕೆ ಎಳೆದು ಹಿಡಿಯುವ ಬಲ ಕಡಿಮೆ. ಸಮುದ್ರದ ಗಾಳಿ ಒಂದೇ ಒಂದು ಸಲ ಬೀಸಿದರೂ ಅವು ಅಡಕೆಯ ಸೋಗೆಯಂತೆ ಮೇಲೆ ಕೆಳಗೆ ತೂಗಾಡುತ್ತವೆ. ತುದಿ ಮನುಷ್ಯನ ತಲೆಯ ಮಟ್ಟಕ್ಕೆ ಬರಬಹುದು, ಹೆಲಿಕಾಪ್ಟರಿನ ಬಾಲಕ್ಕೇ ಬಡಿಯಬಹುದು. ಆದ್ದರಿಂದ ಆ ಹೊತ್ತಿನಲ್ಲಿ ಒಳಗೆ ಕಾಲಿಡುವುದಕ್ಕೆ ಯಾರಿಗೂ ಅಪ್ಪಣೆಯಿಲ್ಲ. ನೀವು ನೋಡಿದ ಹುಡುಗರು ಓಡಿದ್ದು ರೋಟರ್ ಪೂರ್ತಿ ವೇಗದಲ್ಲಿದ್ದಾಗ, ಮಾರ್ಷಲ್ ಕೈ ತೋರಿದ ಮೇಲೆ, ಪೈಲಟ್‌ನ ಕಣ್ಣಿಗೆ ಬೀಳುವ ಬದಿಯಿಂದ. ಬಾಲದ ಕಡೆಗೆ ಹೋಗಬಾರದು ಎಂಬುದು ಮೊದಲ ದಿನದ ಪಾಠ.

ಕಾಯದಿರುವುದಕ್ಕೂ ಕಾರಣವಿದೆ. ಡೆಕ್ ಯಾವ ಕ್ಷಣದಲ್ಲೂ ವಾಲಬಹುದು. ಅದಕ್ಕೇ ಹೆಲಿಕಾಪ್ಟರ್ ಕೂತ ಕೂಡಲೇ ಚಕ್ರಕ್ಕೆ ಉರುಳದಂತೆ ತಡೆಯುವ ಚಾಕ್, ಮೈಗೆ ಸರಪಳಿಯ ಲ್ಯಾಶಿಂಗ್. ಡೆಕ್ಕಿನ ಮೇಲ್ಮೈಯಲ್ಲಿ ಹುದುಗಿಸಿದ ಕೊಂಡಿಗಳಿಗೆ ಸರಪಳಿ ಸಿಕ್ಕಿಸಿ ಬಿಗಿಯುತ್ತಾರೆ. ಕಟ್ಟಿದ ಮೇಲೆಯೇ ರೋಟರ್ ನಿಲ್ಲಿಸುವ ಮಾತು.

ಇನ್ನು ಹೊರಡುವ ಹೊತ್ತು. ನಮ್ಮ ಕೆಲಸದಲ್ಲಿ ನನಗೆ ತುಂಬ ಪ್ರಿಯವಾದ ಕ್ಷಣ ಅದು, ಹಾಗಾಗಿ ವಿವರವಾಗಿ ಹೇಳುತ್ತೇನೆ. ಲ್ಯಾಶಿಂಗ್ ಬಿಚ್ಚಲು ಸನ್ನೆಯಾಗುತ್ತದೆ. ಹುಡುಗರು ಒಳಗೆ ಹೋಗಿ ಸರಪಳಿಗಳನ್ನು ಕಳಚಿ, ಚಾಕ್‌ಗಳನ್ನು ಎತ್ತಿಕೊಂಡು ಹೊರಗೆ ಬರುತ್ತಾರೆ. ಬಂದವರು ಚದುರುವುದಿಲ್ಲ. ಪೈಲಟ್‌ನ ಎದುರಿಗೆ ನಿಂತು, ಬಿಚ್ಚಿದ ಪ್ರತಿಯೊಂದು ಸರಪಳಿಯನ್ನೂ ಕೈಯಲ್ಲಿ ಎತ್ತಿ ಹಿಡಿಯುತ್ತಾರೆ. ಪೈಲಟ್ ಒಂದೊಂದಾಗಿ ಎಣಿಸುತ್ತಾನೆ. ಕಟ್ಟಿದ್ದೆಷ್ಟು, ಬಿಚ್ಚಿದ್ದೆಷ್ಟು ಎಂಬ ಲೆಕ್ಕ ತಾಳೆಯಾದರೆ ಹೆಬ್ಬೆರಳು ತೋರಿಸುತ್ತಾನೆ. ಒಂದು ಕಡಿಮೆ ಕಂಡರೂ ಹೊರಡುವುದಿಲ್ಲ. ಒಂದು ಬದಿಯ ಒಂದೇ ಸರಪಳಿ ಉಳಿದಿದ್ದರೂ, ಮೇಲೇಳುವ ಹೆಲಿಕಾಪ್ಟರ್ ಆ ಕೊಂಡಿಯ ಸುತ್ತಲೇ ತಿರುಗಿ ಡೆಕ್ಕಿಗೆ ಮಗುಚಿಬೀಳುತ್ತದೆ. ಆಗ ಸಾಯುವವರು ಒಳಗಿದ್ದವರು ಮಾತ್ರ ಅಲ್ಲ.

ಆ ಗದ್ದಲದಲ್ಲಿ ಒಂದು ಮಾತೂ ಕೇಳಿಸುವುದಿಲ್ಲ. ಕಿವಿಗೆ ರಕ್ಷಣೆ, ಕಣ್ಣಿಗೆ ಗಾಗಲ್, ನೀರಿಗೆ ಬಿದ್ದರೆ ಉಬ್ಬುವ ಜಾಕೆಟ್ ಹಾಕಿಕೊಂಡ ಹುಡುಗ ಸರಪಳಿ ಎತ್ತಿ ಹಿಡಿದಿರುತ್ತಾನೆ. ಅವನ ಹೆಸರೂ ಗೊತ್ತಿಲ್ಲದ ಅಧಿಕಾರಿ ಅವನ ಕೈಯನ್ನೇ ನೋಡುತ್ತಿರುತ್ತಾನೆ. ನಿಮ್ಮ ಮಗ ಮಾಡುತ್ತಿರುವ ಕೆಲಸ ಅದು. ಅವನು ಮನೆಗೆ ಬಂದಾಗ ಲ್ಯಾಶಿಂಗ್ ತೋರಿಸುವುದು ಹೇಗೆಂದು ಕೇಳಿ ನೋಡಿ, ಖುಷಿಯಿಂದ ಹೇಳುತ್ತಾನೆ.

ಡೆಕ್ಕಿನಲ್ಲಿ ಬಣ್ಣಬಣ್ಣದ ಅಂಗಿ ಏಕೆ?
– ಓದುಗರು, ಬೆಳಗಾವಿ

ಕೂಗಿ ಹೇಳಲು ಆಗದ ಜಾಗದಲ್ಲಿ ಯಾರು ಯಾರೆಂದು ದೂರದಿಂದಲೇ ತಿಳಿಯಬೇಕು. ಪಟ್ಟಿ ದೇಶದಿಂದ ದೇಶಕ್ಕೆ ಸ್ವಲ್ಪ ಬದಲಾಗುತ್ತದೆ. ಅಮೆರಿಕದ ನೌಕೆಗಳಲ್ಲಿ ಹಳದಿ ಎಂದರೆ ವಿಮಾನಕ್ಕೆ ದಾರಿ ತೋರುವವರು, ನೇರಳೆ ಎಂದರೆ ಇಂಧನ ತುಂಬುವವರು, ಕೆಂಪು ಎಂದರೆ ಶಸ್ತ್ರಾಸ್ತ್ರ ಮತ್ತು ಅಪಘಾತದ ತಂಡ, ನೀಲಿ ಎಂದರೆ ಚಾಕ್ ಹಾಗೂ ಸರಪಳಿಯವರು. ದಿನದ ಹಾರಾಟ ಶುರುವಾಗುವ ಮುನ್ನ ಮಾತ್ರ ಎಲ್ಲ ಬಣ್ಣದವರೂ ಒಂದೇ ಸಾಲಿನಲ್ಲಿ ನಿಂತು, ನೆಲ ನೋಡುತ್ತ, ಡೆಕ್ಕಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ಒಂದು ನಟ್ಟು, ತಂತಿಯ ತುಂಡು, ಬಿದ್ದ ಪೆನ್ನಿನ ಮುಚ್ಚಳ ಸಿಕ್ಕರೂ ಎತ್ತಿಕೊಳ್ಳಬೇಕು. ರೋಟರಿನ ಗಾಳಿಗೆ ಅದು ಹಾರಿ ಯಾರದೋ ಎಂಜಿನ್ ಒಳಗೆ ಹೋಗುತ್ತದೆ. ಈ ನಡಿಗೆಯಲ್ಲಿ ದೊಡ್ಡ ಅಧಿಕಾರಿಗಳೂ ಬಗ್ಗುತ್ತಾರೆ.

ಸೈಗಾನ್ ಪತನದ ಸಮಯದಲ್ಲಿ ಹೆಲಿಕಾಪ್ಟರುಗಳನ್ನು ಸಮುದ್ರಕ್ಕೆ ತಳ್ಳುವ ಚಿತ್ರ ನೋಡಿದೆ. ಒಳ್ಳೆಯ ಯಂತ್ರಗಳನ್ನು ಹಾಗೆ ಹಾಳು ಮಾಡಿದ್ದೇಕೆ?
– ಇತಿಹಾಸದ ಉಪನ್ಯಾಸಕಿ, ಮೈಸೂರು

1975ರ ಏಪ್ರಿಲ್ 29 ಮತ್ತು 30. ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಉತ್ತರದ ಸೇನೆಯ ವಶವಾಗುತ್ತಿತ್ತು. ದಕ್ಷಿಣ ವಿಯೆಟ್ನಾಂನ ಪೈಲಟ್‌ಗಳು ಸಿಕ್ಕ ಹೆಲಿಕಾಪ್ಟರುಗಳಲ್ಲಿ ಹೆಂಡತಿ ಮಕ್ಕಳನ್ನು ತುಂಬಿಕೊಂಡು ಸಮುದ್ರದತ್ತ ಬಂದರು. ಇಂಧನ ಮುಗಿಯುತ್ತಿತ್ತು. ಅಲ್ಲಿದ್ದ ಅಮೆರಿಕದ ನೌಕೆಗಳ ಡೆಕ್ಕಿನಲ್ಲಿ ಒಂದು ಇಳಿದರೆ ಇನ್ನೊಂದಕ್ಕೆ ಜಾಗವಿರಲಿಲ್ಲ. ಮೇಲೆ ಸುತ್ತುತ್ತಿದ್ದ ಮುಂದಿನ ಹೆಲಿಕಾಪ್ಟರಿನಲ್ಲೂ ಮಕ್ಕಳಿದ್ದರು. ಇಳಿದವರನ್ನು ಇಳಿಸಿಕೊಂಡು ಖಾಲಿ ಯಂತ್ರವನ್ನು ಸಮುದ್ರಕ್ಕೆ ನೂಕಿದರು. ಇಂಥ ಚಿತ್ರಗಳು ಒಂದೇ ನೌಕೆಯವಲ್ಲ.

‘ಮಿಡ್‌ವೇ’ ವಾಹಕ ನೌಕೆಯಲ್ಲಿ ಇನ್ನೂ ಕಠಿಣವಾದ ಪರೀಕ್ಷೆ ಬಂತು. ಮೇಜರ್ ಬುವಾಂಗ್-ಲೀ ಎಂಬಾತ ಹೆಂಡತಿ ಮತ್ತು ಐದು ಮಕ್ಕಳನ್ನು ಒಂದು ಸಣ್ಣ ಸೆಸ್ನಾ ವಿಮಾನದಲ್ಲಿ ಕೂರಿಸಿಕೊಂಡು ಬಂದಿದ್ದ. ವಿಮಾನಕ್ಕೆ ಓಡುದಾರಿ ಬೇಕು. ಡೆಕ್ ತೆರವು ಮಾಡಿ ಎಂದು ಚೀಟಿ ಬರೆದು ಮೇಲಿನಿಂದ ಎಸೆದ. ಕ್ಯಾಪ್ಟನ್ ಲ್ಯಾರಿ ಚೇಂಬರ್ಸ್ ಡೆಕ್ಕಿನಲ್ಲಿದ್ದ ಹೆಲಿಕಾಪ್ಟರುಗಳನ್ನು ಸಮುದ್ರಕ್ಕೆ ತಳ್ಳಲು ಆಜ್ಞೆ ಮಾಡಿದರು, ನೌಕೆಯನ್ನು ಗಾಳಿಗೆ ಎದುರಾಗಿ ತಿರುಗಿಸಿದರು. ಡೆಕ್ಕಿನ ತಂತಿಗೆ ಸಿಕ್ಕಿಸಿ ನಿಲ್ಲಿಸುವ ಕೊಕ್ಕೆಯೂ ಇಲ್ಲದ ಆ ವಿಮಾನ ಸುರಕ್ಷಿತವಾಗಿ ಇಳಿಯಿತು. ಅದು ಈಗ ಅಮೆರಿಕದ ಪೆನ್ಸಕೋಲಾದ ನೌಕಾ ವೈಮಾನಿಕ ಸಂಗ್ರಹಾಲಯದಲ್ಲಿದೆ.

ಹೆಲಿಕಾಪ್ಟರಿಗೆ ಒಂದು ಗೀರೂ ಬೀಳದಂತೆ ನೋಡಿಕೊಳ್ಳುವುದೇ ಹ್ಯಾಂಡ್ಲರುಗಳ ಬದುಕು. ಅದೇ ಕೈಗಳು ಅಂದು ಅವುಗಳನ್ನು ಅಂಚಿನಿಂದಾಚೆ ತಳ್ಳಿದವು. ನನ್ನ ಮಟ್ಟಿಗೆ ಅದು ಹಾಳು ಮಾಡಿದ ಕೆಲಸವಲ್ಲ. ಡೆಕ್ ಇರುವುದು ಬಂದವರನ್ನು ಇಳಿಸಿಕೊಳ್ಳುವುದಕ್ಕೆ.

ನಾನು ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತನಾದವನು. ನೌಕೆಗಳ ಹೆಲಿಕಾಪ್ಟರ್ ಎಂದರೆ ಸೀ ಕಿಂಗ್, ಕಾಮೋವ್, ಈಗ ಸೀಹಾಕ್ ಎನ್ನುತ್ತಾರೆ. ನಮ್ಮ ಧ್ರುವ್‌ಗೆ ಯಾಕೆ ಹಿಂದಿನ ಸಾಲು?
– ಓದುಗರು, ಬೆಂಗಳೂರು

ನಿಮ್ಮ ಬೇಸರ ನ್ಯಾಯವಾದದ್ದೇ. ಹಾರಾಟದಲ್ಲಿ ಧ್ರುವ್ ಬಲಿಷ್ಠ ಯಂತ್ರ, ನೌಕಾಪಡೆಯೂ ಅದನ್ನು ಬಳಸುತ್ತದೆ. ತೊಡಕಾದದ್ದು ಮಡಚುವುದರಲ್ಲಿ. ನೌಕೆಯಲ್ಲಿ ಹೆಲಿಕಾಪ್ಟರ್ ಹಾರುವ ಹೊತ್ತಿಗಿಂತ ಹ್ಯಾಂಗರಿನಲ್ಲಿ ನಿಲ್ಲುವ ಹೊತ್ತು ಹೆಚ್ಚು. ಸೀ ಕಿಂಗ್‌ನ ಐದು ರೆಕ್ಕೆಗಳೂ ಹಿಂದಕ್ಕೆ ಮಡಚುತ್ತವೆ, ಬಾಲವೂ ಪಕ್ಕಕ್ಕೆ ಮಡಚುತ್ತದೆ. ಕಾಮೋವ್‌ಗೆ ಒಂದರ ಮೇಲೊಂದು ಎರಡು ರೋಟರ್. ಅದರಿಂದ ಬಾಲದ ರೋಟರೇ ಬೇಡ, ಯಂತ್ರ ಗಿಡ್ಡ. ಧ್ರುವ್‌ನ ರೆಕ್ಕೆ ಮಡಚಿದರೂ ನೌಕಾಪಡೆ ಕೇಳಿದಷ್ಟು ಕಿರಿದಾಗಲಿಲ್ಲ. ಸಣ್ಣ ಯುದ್ಧನೌಕೆಯ ಹ್ಯಾಂಗರಿನಲ್ಲಿ ಅಷ್ಟು ಜಾಗವೂ ದೊಡ್ಡದು. ರೆಕ್ಕೆಯನ್ನೇ ತುಂಡಾಗಿ ಮಡಚುವ, ಬಾಲವೂ ಮಡಚುವ ಹೊಸ ಮಾದರಿಯನ್ನು ಎಚ್‌ಎಎಲ್ ಮುಂದಿಟ್ಟಿದೆ. ಅದು ನೌಕೆಗೆ ಬರಲಿ ಎಂದು ಹಾರೈಸುವವರಲ್ಲಿ ನಾನೂ ಒಬ್ಬ.

ಹೊಸ ಸೀಹಾಕ್‌ಗಳು 24. ಅವುಗಳ ಮೊದಲ ಸ್ಕ್ವಾಡ್ರನ್ 2024ರ ಮಾರ್ಚ್ 6ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿತು. ಅದರ ರೆಕ್ಕೆಗಳು ಯಂತ್ರದಿಂದಲೇ ಮಡಚುತ್ತವೆ. ಗಾಳಿಯಲ್ಲಿ ಏಣಿ ಹತ್ತಿ, ಕೋಲು ಹಿಡಿದು ರೆಕ್ಕೆ ಮಡಚಿದವನಿಗೆ ಅದರ ಬೆಲೆ ಗೊತ್ತು.

ಕಾಮೋವ್-31ರ ಬಗ್ಗೆಯೂ ಒಂದು ಮಾತು. ಅದರ ಹೊಟ್ಟೆಯಡಿ ಮಡಚಿಕೊಂಡಿರುವ ಉದ್ದನೆಯ ಹಲಗೆ ರೇಡಾರಿನ ಆಂಟೆನಾ, ಸುಮಾರು 6 ಮೀಟರ್ ಉದ್ದ. ಮೇಲೆ ಹೋದ ಮೇಲೆ ಅದು ಕೆಳಕ್ಕೆ ಬಿಚ್ಚಿಕೊಂಡು ಸುತ್ತುತ್ತದೆ, ಅಡ್ಡ ಬಾರದಂತೆ ಚಕ್ರಗಳು ಮೇಲಕ್ಕೆ ಸರಿಯುತ್ತವೆ. ಭೂಮಿಯ ದುಂಡಿನಿಂದಾಗಿ ನೌಕೆಯ ರೇಡಾರಿಗೆ ಕಾಣದ, ನೀರಿಗೆ ತಾಗಿದಂತೆ ಬರುವ ಕ್ಷಿಪಣಿಯನ್ನು ಅದು ಎತ್ತರದಿಂದ ಕಾಣುತ್ತದೆ. ನಮ್ಮ ನೌಕೆಗಳಲ್ಲಿ ವಿಮಾನವನ್ನು ಎಸೆಯುವ ಕ್ಯಾಟಪಲ್ಟ್ ಇಲ್ಲದ್ದರಿಂದ ರೇಡಾರ್ ಹೊತ್ತ ದೊಡ್ಡ ವಿಮಾನ ಅಲ್ಲಿಂದ ಹಾರಲಾರದು. ಆ ಕೆಲಸ ಈ ಹೆಲಿಕಾಪ್ಟರಿನ ಹೆಗಲಿಗೆ ಬಿದ್ದಿದೆ.

ನಾನು ಪಿಯುಸಿ ಓದುತ್ತಿದ್ದೇನೆ. ಹುಡುಗಿಯರು ನೌಕೆಯ ಹೆಲಿಕಾಪ್ಟರಿನಲ್ಲಿ ಹಾರಬಹುದೇ? ಈಗಿನಿಂದಲೇ ಏನು ಕಲಿಯಬೇಕು?
– ವಿದ್ಯಾರ್ಥಿನಿ, ಕುಮಟಾ

ಹಾರಬಹುದು, ಮಗಳೇ. 2020ರ ಸೆಪ್ಟೆಂಬರ್‌ನಲ್ಲಿ ಸಬ್ ಲೆಫ್ಟಿನೆಂಟ್ ಕುಮುದಿನಿ ತ್ಯಾಗಿ ಮತ್ತು ರಿತಿ ಸಿಂಗ್ ಅವರನ್ನು ಯುದ್ಧನೌಕೆಗಳಿಂದ ಹಾರುವ ಹೆಲಿಕಾಪ್ಟರುಗಳಿಗೆ, ಪೈಲಟ್ ಜೊತೆ ಹಾರುತ್ತ ರೇಡಾರ್ ಮೊದಲಾದ ಉಪಕರಣ ನೋಡಿಕೊಳ್ಳುವ ಅಬ್ಸರ್ವರ್‌ಗಳಾಗಿ ಆರಿಸಿದರು. ನಾವಿಕರಾಗಿಯೂ ಈಗ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಅವರ ತರಬೇತಿ ಒಡಿಶಾದ ಚಿಲ್ಕಾದಲ್ಲಿ. ಗಣಿತ, ಭೌತಶಾಸ್ತ್ರ ಬಿಡಬೇಡ.

ಅದಕ್ಕಿಂತ ಮೊದಲು ಈಜು ಕಲಿ. ಸುಮ್ಮನೆ ತೇಲುವುದಲ್ಲ, ನೀರಿನೊಳಗೆ ಕಣ್ಣು ಬಿಟ್ಟು, ಉಸಿರು ಹಿಡಿದು, ಗಾಬರಿಯಾಗದೆ ಇರುವುದನ್ನು ಕಲಿ. ಹೆಲಿಕಾಪ್ಟರಿನ ಎಂಜಿನ್, ಗೇರ್‌ಬಾಕ್ಸ್, ರೋಟರ್ ಎಲ್ಲ ನೆತ್ತಿಯ ಮೇಲಿರುವುದರಿಂದ ನೀರಿಗೆ ಬಿದ್ದರೆ ಅದು ತಲೆಕೆಳಗಾಗುತ್ತದೆ. ಅದಕ್ಕಾಗಿ ಹಾರುವವರಿಗೆಲ್ಲ ಒಂದು ತರಬೇತಿ ಇದೆ. ಹೆಲಿಕಾಪ್ಟರಿನ ಕ್ಯಾಬಿನ್ ಮಾದರಿಯಲ್ಲಿ ಬೆಲ್ಟ್ ಕಟ್ಟಿ ಕೂರಿಸಿ, ಕೊಳಕ್ಕೆ ಇಳಿಸಿ ಮಗುಚುತ್ತಾರೆ, ಆಮೇಲೆ ಕತ್ತಲಲ್ಲೂ ಅದನ್ನೇ ಮಾಡಿಸುತ್ತಾರೆ. ಒಂದು ಕೈ ಕಿಟಕಿಯ ಚೌಕಟ್ಟಿನ ಮೇಲೆ ಇರಬೇಕು, ಅದನ್ನು ಬಿಡಬಾರದು. ಮೇಲೆ ಯಾವುದು ಕೆಳಗೆ ಯಾವುದು ಎಂದು ತಿಳಿಯದಿದ್ದರೂ ಆ ಕೈಗೆ ದಾರಿ ಗೊತ್ತಿರುತ್ತದೆ. ಇನ್ನೊಂದು ಕೈ ಬೆಲ್ಟಿನ ಮೇಲೆ. ಕ್ಯಾಬಿನ್ ತಿರುಗುವುದು ಪೂರ್ತಿ ನಿಲ್ಲುವವರೆಗೆ ಬೆಲ್ಟ್ ಬಿಚ್ಚಬಾರದು. ಅವಸರಪಟ್ಟು ಮೊದಲೇ ಬಿಚ್ಚಿದವರು ನುಗ್ಗುವ ನೀರಿನೊಂದಿಗೆ ಒಳಗೇ ತೇಲಿಹೋಗುತ್ತಾರೆ.

ನಿನ್ನೂರಿನಿಂದ ಗೋವಾ ದೂರವಲ್ಲ. ಬೋಗಮಾಲೊ ದಾರಿಯಲ್ಲಿ ನೌಕಾ ವೈಮಾನಿಕ ಸಂಗ್ರಹಾಲಯವಿದೆ. ಅಂಗಳದಲ್ಲಿ ಸೀ ಕಿಂಗ್, ಚೇತಕ್, ಸೀ ಹ್ಯಾರಿಯರ್ ನಿಂತಿವೆ. ರಜೆಯಲ್ಲಿ ಮನೆಯವರೊಂದಿಗೆ ಹೋಗು. ಸೀ ಕಿಂಗ್ ಬಾಗಿಲಿನ ಅಳತೆಯನ್ನು ಕಣ್ಣಲ್ಲೇ ನೋಡಿಕೊ, ಅದರ ಹೊಟ್ಟೆ ದೋಣಿಯ ಆಕಾರದಲ್ಲಿ ಏಕಿದೆ ಎಂದು ಯೋಚಿಸಿ ನನಗೆ ಬರೆ.